ಮ್ಯಾನೇಜ್‌ಮೆಂಟ್ ಸೀಟು ಅಂತ ಸುಳ್ಳು ಹೇಳಿದ ಹುಡುಗಿ

ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಮೊದಲ ವಾರವೇ ಬರುವ ಪ್ರಶ್ನೆ ಒಂದಿದೆ. 'ಸಿಇಟಿ ರ‍್ಯಾಂಕ್ ಎಷ್ಟು?' ಕೇಳೋದು ರ‍್ಯಾಂಕು, ತಿಳಿಯಬೇಕಿರೋದು ಜಾತಿ. ಆ ಕಾಲೇಜಿನ ಕಟ್‌ಆಫ್, ಅಂದರೆ ಯಾವ ವರ್ಗಕ್ಕೆ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಸಿಕ್ಕಿದೆ ಅನ್ನೋದು ಗೊತ್ತಿದ್ದರೆ ಉಳಿದದ್ದು ಸುಮ್ನೆ ಲೆಕ್ಕ. ಈ ಒಂದು ಪ್ರಶ್ನೆಯಿಂದ ನಿದ್ದೆ ಕೆಟ್ಟು, ಕೌನ್ಸೆಲರ್ ಆದ ನನ್ನ ಹತ್ತಿರ ಬಂದ ಮಕ್ಕಳು ಬಹಳ. ಅವರಲ್ಲಿ ಒಬ್ಬಳ ವಿಷಯ ಮಾತ್ರ ಬರೆಯುತ್ತಿದ್ದೇನೆ. ಯಾಕಂದ್ರೆ ಇವಳ ವಿಷಯದಲ್ಲಿ ನಾನೂ ಒಂದು ತಪ್ಪು ಮಾಡಿದೆ.

ಕಾವ್ಯ ಅಂತ ಇಟ್ಟುಕೊಳ್ಳೋಣ. ಹೆಸರು, ಊರು, ಬ್ರಾಂಚ್ ಎಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಮೊದಲು ಓದಲು ಕೊಟ್ಟೆ. ಎರಡು ಸಾಲು ತೆಗೆಸಿ, ಆಮೇಲೆ 'ಸರಿ ಮೇಡಂ' ಅಂದಳು.

ಎರಡನೇ ಸೆಮಿಸ್ಟರ್. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಅಪ್ಪ ಗಾರೆ ಕೆಲಸ ಮಾಡ್ತಾರೆ. ಒಂದು ತಿಂಗಳಿಂದ ಕ್ಲಾಸಿಗೆ ಸರಿಯಾಗಿ ಹೋಗಿರಲಿಲ್ಲ, ಅಟೆಂಡೆನ್ಸ್ ಕಡಿಮೆಯಾಗಿ ಮೆಂಟರ್ ಕಳಿಸಿದ್ದರು. ರಾತ್ರಿ ಮೂರು ಗಂಟೆಯವರೆಗೂ ನಿದ್ದೆ ಇಲ್ಲ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಬರುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಇಲ್ಲ, ಊರಿಗೆ ಹೋಗಿಬಿಡಬೇಕು ಅನ್ನಿಸುತ್ತೆ ಅಷ್ಟೇ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಅವಳ ಫೋನಿನಲ್ಲಿ ಸೇವ್ ಮಾಡಿಸಿಯೇ ಕಳಿಸಿದೆ.

ನನ್ನ ತಪ್ಪು ಅವತ್ತೇ ಆಯಿತು. ನಮ್ಮಲ್ಲಿ ಮೊದಲು ತುಂಬಿಸುವ ಒಂದು ಫಾರಂ ಇತ್ತು. ಅವಳು ಎಲ್ಲ ತುಂಬಿ, ಒಂದು ಕಾಲಂ ಖಾಲಿ ಬಿಟ್ಟಿದ್ದಳು. ನಾನು ಪೆನ್ನು ಅವಳ ಕಡೆ ಸರಿಸಿ, 'ಇದೊಂದು ಬಿಟ್ಟಿದ್ದೀಯಲ್ಲ' ಅಂದೆ. ಆ ಕಾಲಂ 'ಜಾತಿ/ವರ್ಗ'. ಬರೆದುಕೊಟ್ಟಳು. ಆಮೇಲೆ ಅರ್ಧ ಗಂಟೆ ನನ್ನ ಮುಖ ನೋಡಲಿಲ್ಲ. ನಾನು ಅದನ್ನು ಸಂಕೋಚ ಅಂತ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ! ಈಗ ಓದಿದರೆ ನಾಚಿಕೆಯಾಗುತ್ತದೆ.

ಎರಡನೇ ಸಲ ಬಂದಾಗ ಹವಾಮಾನ, ಮೆಸ್ಸಿನ ಊಟ, ಇಂಟರ್ನಲ್ಸ್ ಅಂತ ಸುತ್ತಿಬಳಸಿ ಹೊತ್ತು ಹೋಯಿತು. ಮೂರನೇ ಸಲ ವಿಷಯ ಹೊರಗೆ ಬಂತು.

ಸ್ಕಾಲರ್‌ಶಿಪ್‌ಗೆ ಸರ್ಕಾರದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವವರು ದಾಖಲೆ ತನ್ನಿ ಅಂತ ಹೇಳಬೇಕಿತ್ತು. ಅಷ್ಟು ಹೇಳೋದು ಬಿಟ್ಟು, ಆಫೀಸಿನಿಂದ ಬಂದ ಇಡೀ ಅಡ್ಮಿಷನ್ ಪಟ್ಟಿಯನ್ನೇ ಮೇಷ್ಟ್ರೊಬ್ಬರು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಹೆಸರು, ರ‍್ಯಾಂಕ್, ಯಾವ ಕೆಟಗರಿಯಲ್ಲಿ ಸೀಟು, ಅಪ್ಪನ ಕೆಲಸ, ವರ್ಷದ ಆದಾಯ. ಸ್ವಲ್ಪ ಹೊತ್ತಿಗೆ ಡಿಲೀಟ್ ಮಾಡಿದರು. ಅಷ್ಟರಲ್ಲಿ ಎಷ್ಟು ಫೋನಿಗೆ ಇಳಿದಿತ್ತೋ.

'ಜಾತಿ ಗೊತ್ತಾಯ್ತು ಅಂತ ಬೇಜಾರಾ?' ಅಂದೆ.

'ಅದೊಂದೇ ಅಲ್ಲ ಮೇಡಂ. ನಾನು ಸುಳ್ಳು ಹೇಳಿದ್ದೆ.'

'ಏನಂತ?'

'ಮ್ಯಾನೇಜ್‌ಮೆಂಟ್ ಸೀಟು ಅಂತ.'

ನನಗೆ ಅರ್ಥ ಆಗಲಿಲ್ಲ. ತಿಂಗಳಿಗೆ ಮನೆಯಿಂದ ಬರುವ ದುಡ್ಡಲ್ಲಿ ಫೋನ್ ರೀಚಾರ್ಜ್‌ಗೂ ಲೆಕ್ಕ ಹಾಕುವ ಹುಡುಗಿ. ಇವಳು ಯಾಕೆ ಹಾಗೆ ಹೇಳಬೇಕು?

'ದುಡ್ಡು ಕೊಟ್ಟು ಸೀಟು ತಗೊಂಡೆ ಅಂದ್ರೆ ಯಾರೂ ಏನೂ ಅನ್ನಲ್ಲ ಮೇಡಂ. ರ‍್ಯಾಂಕೂ ಕೇಳಲ್ಲ. ನಮ್ಮ ರೂಮಲ್ಲೇ ಒಬ್ಬಳು ಹಾಗೆ ಬಂದಿದ್ದಾಳೆ. ಅವಳನ್ನ ಯಾರೂ ಮೆರಿಟ್ ಇಲ್ಲ ಅನ್ನಲ್ಲ.'

ಇಷ್ಟು ವರ್ಷ ಈ ಕೆಲಸ ಮಾಡಿಯೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಬರುವ ರ‍್ಯಾಂಕಿನಿಂದ, ಟ್ಯೂಷನ್ ಇಲ್ಲದೆ ಓದಿ ತಗೊಂಡ ಸೀಟನ್ನು ಮುಚ್ಚಿಡೋಕೆ, ಕೊಂಡ ಸೀಟು ಅಂತ ಹೇಳಬೇಕು. ಅದು ಮರ್ಯಾದೆ.

ಫೋನ್ ತೆಗೆದು ಆ ಪಟ್ಟಿಯನ್ನು ತೋರಿಸಿದಳು. ನಾನು ನೋಡಲ್ಲ ಅಂದೆ, ಬೇರೆ ಮಕ್ಕಳ ವಿವರ ಅದರಲ್ಲಿದೆ. ಅವಳೇ ಹೇಳಿದಳು: ಅವಳ ಹೆಸರಿನ ಮುಂದೆ 'ಎಸ್‌ಸಿಆರ್'. ಹಾಸ್ಟೆಲ್‌ನಲ್ಲಿ 'ಕೋಟಾ' ಅಂತ ಜೋರಾಗಿ ನಕ್ಕ ಇನ್ನೊಬ್ಬ ರೂಮ್‌ಮೇಟ್ ಹೆಸರಿನ ಮುಂದೆ 'ಜಿಎಂಆರ್'.

'ಕೊನೆ ಅಕ್ಷರ ಇಬ್ಬರದೂ ಒಂದೇ ಮೇಡಂ.'

ಗೊತ್ತಿಲ್ಲದವರಿಗೆ ಹೇಳುತ್ತೇನೆ. 'ಎಸ್‌ಸಿ' ಅಂದರೆ ಪರಿಶಿಷ್ಟ ಜಾತಿ, 'ಜಿಎಂ' ಅಂದರೆ ಜನರಲ್ ಮೆರಿಟ್, ಆ 'ಆರ್' ಅಂದರೆ ಗ್ರಾಮೀಣ. ಸಿಇಟಿಯಲ್ಲಿ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಜನರಲ್ ಮೆರಿಟ್‌ನಲ್ಲೂ ಇದೆ. ಎನ್‌ಸಿಸಿಗೆ, ಕ್ರೀಡೆಗೆ, ಸೈನಿಕರ ಮಕ್ಕಳಿಗೂ ಸೀಟಿದೆ. ಇದ್ಯಾವುದನ್ನೂ ಹಾಸ್ಟೆಲ್‌ನಲ್ಲಿ ಕೋಟಾ ಅನ್ನೋದಿಲ್ಲ. ಒಳಗೆ ಬಂದ ಮೇಲಂತೂ ವಿಶ್ವವಿದ್ಯಾಲಯದ (ವಿಟಿಯು) ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಪಾಸ್ ಮಾರ್ಕ್ಸೂ ಒಂದೇ.

ಆಮೇಲೆ ಅತ್ತಳು. ನಾನು ಸುಮ್ಮನೆ ಕೂತಿದ್ದೆ. ಮುಗಿದ ಮೇಲೆ ಮೊದಲು ನನ್ನ ಫಾರಂ ವಿಷಯಕ್ಕೆ ಕ್ಷಮೆ ಕೇಳಿದೆ. 'ಪರವಾಗಿಲ್ಲ ಮೇಡಂ, ಎಲ್ಲಾ ಕಡೆ ಕೇಳ್ತಾರೆ' ಅಂದಳು. ಆ ಮಾತು ಬೈಗುಳಕ್ಕಿಂತ ಜಾಸ್ತಿ ತಾಗಿತು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಜಾತಿ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನಿನ್ನ ಕೈಯಲ್ಲಿ ಇರಬೇಕು. ಹೇಳದೇ ಇದ್ದರೆ ಅದು ಸುಳ್ಳಲ್ಲ. ಆದರೆ ಇನ್ನೊಂದು ಕಥೆ ಕಟ್ಟಿದರೆ ಅದನ್ನು ದಿನಾ ಕಾಯಬೇಕಾಗುತ್ತೆ, ನಿದ್ದೆ ಹೋಗಿದ್ದು ಅದಕ್ಕೇ. ರ‍್ಯಾಂಕ್ ಕೇಳಿದರೆ 'ಅದು ಮುಗಿದ ವಿಷಯ' ಅಂತ ಹೇಳಿ ಎದ್ದು ಹೋಗು. ಈ ಸಾಲನ್ನು ನನ್ನ ಮುಂದೆಯೇ ನಾಲ್ಕು ಸಲ ಹೇಳಿಸಿದೆ. ಮೂರನೇ ಸಲಕ್ಕೆ ಅವಳಿಗೇ ನಗು ಬಂತು. ಆಮೇಲೆ ಪ್ರಿನ್ಸಿಪಾಲರಿಗೆ ಒಂದು ಪತ್ರ. ರೂಮ್‌ಮೇಟ್ ಮೇಲಲ್ಲ, ಪಟ್ಟಿಯ ಮೇಲೆ.

ಇದಕ್ಕೆ ನನ್ನ ಗೆಳತಿಯೊಬ್ಬರು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಚಳವಳಿಯಲ್ಲಿ ಇರುವವರು. 'ಎದೆ ತಟ್ಟಿ ಹೇಳು ಅನ್ನಬೇಕಿತ್ತು, ಬಚ್ಚಿಟ್ಟುಕೋ ಅಂತ ಕಲಿಸಿದೆಯಲ್ಲ' ಅಂದರು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಹತ್ತೊಂಬತ್ತು ವರ್ಷದ ಹುಡುಗಿ, ಉಳಿದ ಮೂವರು ರೂಮ್‌ಮೇಟ್‌ಗಳ ಜೊತೆ ಅದೇ ರೂಮಿನಲ್ಲಿ ಮಲಗಬೇಕು. ಎದೆ ತಟ್ಟು ಅಂತ ಹೇಳಿ ನಾನು ಮನೆಗೆ ಬರ್ತೀನಿ. ಅವಳು ಎಲ್ಲಿಗೆ ಹೋಗಬೇಕು? ನನ್ನ ಜಾತಿಯನ್ನು ಯಾರೂ ರ‍್ಯಾಂಕಿನ ನೆಪದಲ್ಲಿ ಕೇಳಿದ್ದಿಲ್ಲ. ಅವಳಿಗೆ ಧೈರ್ಯದ ಪಾಠ ಹೇಳಲು ನಾನು ಯಾರು? ಅವಳಿಗೆ ಎಂದಾದರೂ ಹೇಳಬೇಕು ಅನ್ನಿಸಿದರೆ ಹೇಳುತ್ತಾಳೆ.

ಪಟ್ಟಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. 'ಎಲ್ಲರಿಗೂ ಗೊತ್ತಿರೋದೇ ಅಲ್ವಾ, ಅದರಲ್ಲೇನು ಗುಟ್ಟು' ಅಂದರು ಕಾಲೇಜಿನವರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ಜನ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನಿಂದಲೇ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಆದರೆ ಕಾಲೇಜಿನ ಆಫೀಸಿಗೆ ಕೋರ್ಟಿನ ಭಾಷೆ ಬೇಡ. ಡಾಕ್ಟರಿಗೆ ತೋರಿಸಿದ ಗಾಯವನ್ನು ಕಾಂಪೌಂಡರ್ ಬೀದಿಯಲ್ಲಿ ಹೇಳಿಕೊಂಡು ಬಂದರೆ ಹೇಗೆ ಸರ್ ಅಂತ ಕೇಳಿದೆ. ಜಾತಿ ಪ್ರಮಾಣಪತ್ರ ಅವಳು ಕೊಟ್ಟಿದ್ದು ಅಡ್ಮಿಷನ್‌ಗೆ, ಗ್ರೂಪಿಗೆ ಅಲ್ಲ. ಮೇಷ್ಟ್ರು ಕೆಟ್ಟವರಲ್ಲ. ಅವರಿಗೆ ಅದೊಂದು ಫೈಲು, ಅಷ್ಟೇ.

ಮುಂದಿನ ಸಲ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಮಾತ್ರ ಇರುವ ಪಟ್ಟಿ ಬಂತಂತೆ. ರೂಮ್‌ಮೇಟ್ ಮಾತು ಬಿಟ್ಟಿದ್ದಾಳೆ, ಅದು ಸರಿಹೋಗಿಲ್ಲ. ಇನ್ನೊಬ್ಬಳು ಲ್ಯಾಬ್ ರೆಕಾರ್ಡ್ ಕೇಳಿಕೊಂಡು ಬಂದು ಅಲ್ಲೇ ಕೂತು ಬರೀತಾಳಂತೆ. ನಮ್ಮ ಫಾರಂನಿಂದ ಆ ಕಾಲಂ ತೆಗೆಸಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಕೊನೆಯ ಸಲ ಬಂದಾಗ, ಮ್ಯಾನೇಜ್‌ಮೆಂಟ್ ಸೀಟಿನ ಸುಳ್ಳನ್ನು ಅಪ್ಪನಿಗೆ ಹೇಳಿಬಿಟ್ಟೆ ಅಂದಳು. ಅವರು ಮೊದಲು ನಕ್ಕರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಷ್ಟು ಕೊಟ್ಟೆ ಅಂತ ಹೇಳಿದ್ದೆ?' ಅಂತ ಕೇಳಿದರಂತೆ.

'ಎಂಟು ಲಕ್ಷ ಅಂದೆ ಮೇಡಂ.'