ಗರಿಷ್ಠ 10 ಎಚ್‌ಪಿ ಮೋಟಾರಿಗೆಂದು ಮಾಡಿದ ದೋಣಿಗೆ 15 ಎಚ್‌ಪಿ ಮೋಟಾರ್ ಕೂರಿಸಬಹುದೇ?

ಬೇಡ. ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯದಂಥ ತೆರೆದ ನೀರಿನಲ್ಲಂತೂ ಖಂಡಿತ ಬೇಡ.

ಅನೇಕ ಟೂ-ಸ್ಟ್ರೋಕ್ ಮಾದರಿಗಳಲ್ಲಿ 9.9 ಮತ್ತು 15 ಎಚ್‌ಪಿಯ ತೂಕ ಹೆಚ್ಚುಕಮ್ಮಿ ಒಂದೇ. ಹಾಗಾಗಿ 'ಭಾರ ಹೆಚ್ಚಲಿಲ್ಲವಲ್ಲ, ತೊಂದರೆಯೇನು' ಅನ್ನಿಸುತ್ತದೆ. ಅಪಾಯ ಇರುವುದು ತಳ್ಳುವ ಬಲದಲ್ಲಿ. ಮೋಟಾರ್ ಕಚ್ಚಿಕೊಂಡಿರುವ ಹಿಂಬದಿಯ ಹಲಗೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಪ್ರೊಪೆಲ್ಲರ್ ಕೆಳಗಿನಿಂದ ಮುಂದಕ್ಕೆ ತಳ್ಳಿದಾಗ ಮೋಟಾರಿನ ಉದ್ದ ಕಾಲು ಸನ್ನೆಕೋಲಿನಂತೆ ಆ ಹಲಗೆಯನ್ನು ತಿರುಚುತ್ತದೆ. ಫೈಬರ್ ದೋಣಿಯಲ್ಲಿ ಮೊದಲು ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಅದರೊಳಗೆ ನೀರಿಳಿದು ಒಳಗಿನ ಪ್ಲೈವುಡ್ ಕೊಳೆಯುತ್ತದೆ. ಇನ್ನೂ ಕೆಟ್ಟದ್ದು, ವೇಗದಲ್ಲಿದ್ದಾಗ ಥ್ರಾಟಲ್ ತಟ್ಟನೆ ಬಿಟ್ಟರೆ ಹಿಂದಿನಿಂದ ಬರುವ ಅಲೆ ತಗ್ಗಿನ ಟ್ರಾನ್ಸಮ್ ದಾಟಿ ದೋಣಿಯೊಳಗೇ ಸುರಿಯುತ್ತದೆ. ಚಪ್ಪಟೆ ತಳದ ಸಣ್ಣ ದೋಣಿ ಜೋರಾದ ತಿರುವಿನಲ್ಲಿ ಮಗುಚಲೂಬಹುದು.

ಮೋಟಾರ್ ಎಳೆಯುತ್ತಿಲ್ಲ ಅನ್ನಿಸಲು ನಮ್ಮಲ್ಲಿ ಬೇರೆಯೇ ಕಾರಣವಿದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಆದ್ದರಿಂದ ಎಂಜಿನ್ ಸುಮಾರು 8% ಶಕ್ತಿ ಕಳೆದುಕೊಳ್ಳುತ್ತದೆ. ಇದಕ್ಕೆ ಪ್ರೊಪೆಲ್ಲರ್ ಬದಲಿಸಿ: ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, 1 ಇಂಚು ಕಡಿಮೆಯಾದರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 150–200 ಏರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಕೈಪಿಡಿ ಹೇಳುವ ಆರ್‌ಪಿಎಂ ಮಿತಿಯೊಳಗೆ ಬರುವಂತೆ ಆರಿಸಿ. ಹಿಂಬದಿಯ ಭಾರ ತಗ್ಗಲು ಪೆಟ್ರೋಲ್ ಟ್ಯಾಂಕನ್ನು ಮುಂದಕ್ಕೆ ಸರಿಸಿ. ಕಿಲ್ ಸ್ವಿಚ್ಚಿನ (ನೀವು ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲಿಸುವ ಸ್ವಿಚ್) ದಾರ ಮಣಿಕಟ್ಟಿಗೆ ಕಟ್ಟಿಕೊಳ್ಳದೆ ಮೋಟಾರ್ ಚಾಲೂ ಮಾಡಲೇಬೇಡಿ.