ಓದುಗರ ಪ್ರಶ್ನೆಗೆ ಉತ್ತರ: ಗಾಲ್ಫ್ ಕಲಿಸುವವರನ್ನು ಆರಿಸುವುದು ಹೇಗೆ?

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಂಗಳೂರಿನಲ್ಲಿರುವ ಭಾವನವರ ಜೊತೆ ಪಿಲಿಕುಳದ ಗಾಲ್ಫ್ ಮೈದಾನಕ್ಕೆ ಹೋಗಿ ಬಂದ ಮೇಲೆ ಈ ಆಟವನ್ನು ಕ್ರಮವಾಗಿ ಕಲಿಯುವ ಆಸೆ ಹುಟ್ಟಿದೆ. ಆಗಾಗ ಸೊಂಟನೋವು ಬರುತ್ತದೆ. ಕಲಿಸುತ್ತೇವೆ ಎಂದವರು ಇಬ್ಬರು. ಒಬ್ಬರು ಹತ್ತು ಪಾಠಗಳ ಶುಲ್ಕವನ್ನು ಮುಂಗಡವಾಗಿ ಕೇಳುತ್ತಾರೆ. ಇನ್ನೊಬ್ಬರು ಬಹಳ ಚೆನ್ನಾಗಿ ಆಡುತ್ತಾರೆ, ಆದರೆ ಕಲಿಸಿದ ಅನುಭವ ಕಡಿಮೆ. ಈ ವಯಸ್ಸಿನಲ್ಲಿ ಕಲಿಯಬಹುದೇ? ಯಾರಲ್ಲಿ ಕಲಿಯಲಿ?

ಉತ್ತರ: ಖಂಡಿತವಾಗಿ ಕಲಿಯಬಹುದು. ಚೆಂಡನ್ನು ಬೀಳಿಸಬೇಕಾದ ಹದಿನೆಂಟು ಗುಳಿಗಳ, ಎಂದರೆ ಹೋಲ್‌ಗಳ ಒಂದು ಸುತ್ತಿಗೆ ಏಳೆಂಟು ಕಿಲೋಮೀಟರ್ ನಡೆಯುವ ಶಕ್ತಿಯಿದ್ದು, ಅದೇ ಚಲನೆಯನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವ ತಾಳ್ಮೆಯಿದ್ದರೆ ನಿವೃತ್ತಿಯ ನಂತರ ಆರಂಭಿಸುವುದಕ್ಕೆ ಇದು ತಕ್ಕ ಆಟ. ಆಟಗಾರರ ಮಟ್ಟಕ್ಕೆ ತಕ್ಕಂತೆ ಹೊಡೆತಗಳ ಎಣಿಕೆಯಲ್ಲಿ ಕೊಡುವ ರಿಯಾಯಿತಿಗೆ ಹ್ಯಾಂಡಿಕ್ಯಾಪ್ ಎನ್ನುತ್ತಾರೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಹೊಸಬರಿಗೆ 54ರವರೆಗೂ ಹ್ಯಾಂಡಿಕ್ಯಾಪ್ ದೊರೆಯುವುದರಿಂದ, ಎಷ್ಟೋ ವರ್ಷ ಆಡಿರುವ ತಮ್ಮ ಭಾವನವರೊಂದಿಗೆ ತಾವು ನ್ಯಾಯವಾದ ಸ್ಪರ್ಧೆಯಲ್ಲೇ ಆಡಬಹುದು.

ತಮಗೆ ಬಂದಿರುವ ಇಬ್ಬರಲ್ಲಿ ಯಾರು ಮೇಲು ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಆದರೆ ತಾವೇ ತಿಳಿದುಕೊಳ್ಳುವ ದಾರಿಯಿದೆ. ಹಣ ಕೊಡುವ ಮೊದಲು, ಅವರು ಬೇರೊಬ್ಬರಿಗೆ ಪಾಠ ಹೇಳುವಾಗ ಅನುಮತಿ ಪಡೆದು ಒಂದು ಗಂಟೆ ಪಕ್ಕದಲ್ಲಿ ನಿಂತು ನೋಡಿ. ಚೆನ್ನಾಗಿ ಆಡುವವರ ದೇಹಕ್ಕೆ ಆ ಚಲನೆ ಎಂದೋ ಒಗ್ಗಿಹೋಗಿರುತ್ತದೆ. ತಾನು ಅದನ್ನು ಹೇಗೆ ಮಾಡುತ್ತೇನೆಂದು ಬಿಡಿಸಿ ಹೇಳುವುದು ಹಲವು ಉತ್ತಮ ಆಟಗಾರರಿಗೆ ಆಗುವುದಿಲ್ಲ. ಕಲಿಸುವವರಿಗೆ ಬೇಕಾದದ್ದು ನೋಡುವ ಕಣ್ಣು. ಶಿಷ್ಯ ಹೊಡೆದ ಚೆಂಡು ಎಲ್ಲಿ ಬಿತ್ತು ಎಂದಷ್ಟೇ ನೋಡುವವರಿಗಿಂತ, ಅವನು ಕ್ಲಬ್ಬನ್ನು (ಚೆಂಡು ಹೊಡೆಯುವ ಕೋಲನ್ನು) ಹೇಗೆ ಹಿಡಿದಿದ್ದಾನೆ, ಪಾದಗಳು ಯಾವ ಕಡೆಗಿವೆ, ಚೆಂಡು ಪಾದಗಳ ನಡುವೆ ಎಲ್ಲಿದೆ ಎಂಬುದನ್ನು ಹೊಡೆತಕ್ಕೆ ಮುಂಚೆಯೇ ಗಮನಿಸುವವರನ್ನು ಆರಿಸಿ. ಹೊಸಬರ ದೋಷಗಳಲ್ಲಿ ಬಹುಪಾಲು ಚೆಂಡಿನ ಮುಂದೆ ನಿಂತ ಹೊತ್ತಿಗೇ ಸೇರಿಕೊಂಡಿರುತ್ತವೆ.

ಒಂದು ಪಾಠದಲ್ಲಿ ಅವರು ಎಷ್ಟು ತಪ್ಪುಗಳನ್ನು ತಿದ್ದುತ್ತಾರೆ ಎಂಬುದನ್ನೂ ನೋಡಿ. ಮೊಣಕೈ, ಮಣಿಕಟ್ಟು, ಭುಜ, ತಲೆ ಎಲ್ಲದರ ಬಗ್ಗೆ ಒಂದೇ ಉಸಿರಿನಲ್ಲಿ ಹೇಳುವವರ ಮುಂದೆ ಶಿಷ್ಯ ಬೆಪ್ಪಾಗಿ ನಿಲ್ಲುತ್ತಾನೆ. ತಮ್ಮ ಕಡೆ ಯಕ್ಷಗಾನದ ಹೆಜ್ಜೆ ಕಲಿಸುವವರು ನಿಧಾನದ ಕಾಲದಲ್ಲಿ ಒಂದು ಹೆಜ್ಜೆ ಕೂತ ಮೇಲಷ್ಟೇ ಮುಂದಿನದಕ್ಕೆ ಹೋಗುವುದನ್ನು ತಾವು ನೋಡಿರುತ್ತೀರಿ. ಗಾಲ್ಫಿನಲ್ಲಿಯೂ ಒಳ್ಳೆಯ ಶಿಕ್ಷಕರ ನಡೆ ಅದೇ ಬಗೆಯದು. ಹತ್ತು ತಪ್ಪು ಕಂಡರೂ ಉಳಿದವುಗಳಿಗೆ ಮೂಲವಾದ ಒಂದನ್ನು ಹಿಡಿದು, ಉಳಿದದ್ದನ್ನು ಮುಂದಿನ ಪಾಠಕ್ಕೆ ಬಿಡುವ ಸಂಯಮ ಅವರಿಗಿರುತ್ತದೆ.

ಇನ್ನು ಅವರ ತಿಳಿವಳಿಕೆಯನ್ನು ಅರಿಯಲು ವಿನಯದಿಂದ ಒಂದು ಪ್ರಶ್ನೆ ಕೇಳಿ: ಬಲಗೈಯವರು ಹೊಡೆದ ಚೆಂಡು ಗಾಳಿಯಲ್ಲಿ ಬಲಕ್ಕೆ ಬಾಗಿಹೋಗುವುದೇಕೆ? ಸ್ಲೈಸ್ ಎಂದು ಕರೆಯುವ ಈ ದೋಷ ಕಲಿಯುವವರಲ್ಲಿ ಬಹಳ ಸಾಮಾನ್ಯ. ಕ್ಲಬ್ಬು ಮತ್ತು ಚೆಂಡು ಪರಸ್ಪರ ತಗುಲಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಚೆಂಡು ಮೊದಲು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಕ್ಷಣದಲ್ಲಿ ಕ್ಲಬ್ಬಿನ ಮುಖ ನೋಡುತ್ತಿದ್ದ ದಿಕ್ಕು; ಅನಂತರ ಅದು ಬಾಗುವುದಕ್ಕೆ ಮುಖ್ಯ ಕಾರಣ, ಮುಖ ನೋಡುತ್ತಿದ್ದ ದಿಕ್ಕಿಗೂ ಕ್ಲಬ್ಬು ಸಾಗುತ್ತಿದ್ದ ಹಾದಿಗೂ ಇರುವ ವ್ಯತ್ಯಾಸ. ಹಾದಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದುಕೊಂಡಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಚೆಂಡು ಹೊರಡುವುದು ಕ್ಲಬ್ಬಿನ ಹಾದಿಯ ದಿಕ್ಕಿನಲ್ಲೇ ಎಂದು ಬಹುಕಾಲ ಕಲಿಸಲಾಗುತ್ತಿತ್ತು. ರೇಡಾರ್ ಆಧಾರಿತ ಅಳತೆಯ ಉಪಕರಣಗಳು ಬಂದ ಮೇಲೆ ಆ ಪಾಠ ಸರಿಯಲ್ಲವೆಂದು ತಿಳಿಯಿತು. ತಮ್ಮ ಶಿಕ್ಷಕರು ಈ ಮಾತುಗಳಲ್ಲೇ ಉತ್ತರಿಸಬೇಕೆಂದಿಲ್ಲ. ಆದರೆ ಮುಖ ಮತ್ತು ಹಾದಿ ಎರಡನ್ನೂ ಅವರು ಪ್ರಸ್ತಾಪಿಸಬೇಕು. ಏನೇ ಕೇಳಿದರೂ “ತಲೆ ಎತ್ತಿಬಿಟ್ಟಿರಿ” ಎಂಬುದೊಂದೇ ಉತ್ತರವಾದರೆ ಅವರಲ್ಲಿ ಹಣ ಹಾಕಬೇಡಿ. ಚೆಂಡಿನ ನೆತ್ತಿಗೆ ಏಟು ಬೀಳುವುದು ಹೆಚ್ಚಾಗಿ, ಹೊಡೆಯುವವರು ಅದನ್ನು ತಾವೇ ಮೇಲೆತ್ತಲು ಹೋಗಿ ಮೈಯನ್ನು ನೆಟ್ಟಗಾಗಿಸಿದಾಗ. ಚೆಂಡನ್ನು ಎತ್ತುವ ಕೆಲಸವನ್ನು ಕ್ಲಬ್ಬಿನ ಮುಖದ ಓರೆಯೇ ಮಾಡುತ್ತದೆ ಎಂಬುದನ್ನು ಮನಗಾಣಿಸುವವರು ನಿಜವಾದ ಶಿಕ್ಷಕರು.

ಸೊಂಟನೋವಿನ ವಿಷಯವನ್ನು ಲಘುವಾಗಿ ಕಾಣಬೇಡಿ. ಈ ಆಟದಲ್ಲಿ ನಡು ತಿರುಚುವುದರಿಂದ ಗಾಲ್ಫ್ ಆಡುವವರಿಗೆ ಬೆನ್ನಿನ ಕೆಳಭಾಗದ ನೋವು ಹೊಸತಲ್ಲ. ವೈದ್ಯರ ಒಪ್ಪಿಗೆ ಪಡೆದ ನಂತರವೇ ಆರಂಭಿಸಿ, ಮೊದಲ ದಿನವೇ ಶಿಕ್ಷಕರಿಗೆ ತಿಳಿಸಿ. ತಾವು ಹೇಳುವ ಮೊದಲೇ ಅವರು ಈ ಬಗ್ಗೆ ವಿಚಾರಿಸಿದರೆ ಅದನ್ನು ಅವರ ಪರವಾಗಿ ಎಣಿಸಬಹುದು. ಕ್ಲಬ್ಬನ್ನು ಹಿಂದಕ್ಕೆ ಒಯ್ಯುವ ದೂರವನ್ನು ಕಡಿಮೆ ಮಾಡುವುದು, ಹಾಗೆ ಒಯ್ಯುವಾಗ ಗುರಿಯ ಕಡೆಗಿರುವ ಕಾಲಿನ ಹಿಮ್ಮಡಿ ತುಸು ಮೇಲೇಳಲು ಬಿಡುವುದು ಇಂಥ ಮಾರ್ಪಾಡುಗಳಿಂದ ಸೊಂಟದ ಮೇಲಿನ ಭಾರ ಇಳಿಯುತ್ತದೆ. ಟಿವಿಯಲ್ಲಿ ಕಾಣುವ ಯುವಕರ ತಿರುಚನ್ನು ತಮ್ಮಿಂದ ಬಯಸುವವರು ತಮಗೆ ತಕ್ಕವರಲ್ಲ.

ಶುಲ್ಕದ ಮಾತು. ಮೊದಲು ಒಂದೇ ಪಾಠಕ್ಕೆ ಹಣ ಕೊಡಿ. ಅದು ಹಿಡಿಸಿದರೆ ಹತ್ತರ ಮಾತು. ಅಭ್ಯಾಸದ ಚೆಂಡುಗಳ ಬಕೆಟ್ಟಿಗೆ, ಮೈದಾನದ ಪ್ರವೇಶಕ್ಕೆ ಬೇರೆ ಹಣ ಕೊಡಬೇಕೇ, ಜೊತೆಗೆ ಎಷ್ಟು ಜನ ಕಲಿಯುತ್ತಾರೆ, ಮಳೆಯಿಂದ ತಪ್ಪಿದ ಪಾಠವನ್ನು ಇನ್ನೊಂದು ದಿನ ಕೊಡುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ಕರಾವಳಿಯಲ್ಲಿ ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ಭಾರತೀಯ ಗಾಲ್ಫ್ ಒಕ್ಕೂಟದ ಅಂಗವಾದ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಶಿಕ್ಷಕರಿಗೆ ತರಬೇತಿ ನೀಡಿ ಪ್ರಮಾಣಪತ್ರ ಕೊಡುತ್ತದೆ. ಅದು ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಕಾಗದವಿದೆ ಎಂಬ ಕಾರಣಕ್ಕೆ ತಮ್ಮ ಕಣ್ಣಿನ ಪರೀಕ್ಷೆಯನ್ನು ಬಿಡಬೇಡಿ.

ಪಾಠಗಳಲ್ಲಿ, ಹೋಲ್ ಸುತ್ತಲಿನ ನುಣುಪು ಹುಲ್ಲಿನ (ಗ್ರೀನ್) ಮೇಲೆ ಚೆಂಡನ್ನು ಉರುಳಿಸುವ ಪಟಿಂಗ್‌ಗೆ ಎಷ್ಟು ಪಾಲು ಎಂಬುದನ್ನೂ ವಿಚಾರಿಸಿ. ಪಾರ್ 72ರ, ಎಂದರೆ 72 ಹೊಡೆತಗಳಲ್ಲಿ ಸುತ್ತು ಮುಗಿಸುವ ಲೆಕ್ಕದ, ಮೈದಾನದಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್‌ಗಳ ಲೆಕ್ಕದಲ್ಲಿ 36 ಹೊಡೆತಗಳು ಗ್ರೀನ್ ಮೇಲೆಯೇ ಆಗುತ್ತವೆ. ಹೀಗಿದ್ದೂ ಹೊಸಬರನ್ನು ಖುಷಿಪಡಿಸಲು ಡ್ರೈವರ್ ಎಂಬ ಉದ್ದನೆಯ ಕ್ಲಬ್ಬು ಹಿಡಿಸಿ ದೂರ ಹೊಡೆಸುವುದರಲ್ಲೇ ವಾರಗಳನ್ನು ಕಳೆಯುವವರಿದ್ದಾರೆ.

ತಮ್ಮ ಪರಿಸ್ಥಿತಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಇನ್ನೊಂದಕ್ಕೆ. ಬದಿಯಡ್ಕದಿಂದ ಪಿಲಿಕುಳಕ್ಕೆ ದಿನವೂ ಹೋಗಿಬರಲಾಗದು. ಹದಿನೈದು ದಿನಕ್ಕೊಂದು ಪಾಠವಾದರೂ ಸಾಕು, ನಡುವಿನ ದಿನಗಳಲ್ಲಿ ಮನೆಯಲ್ಲಿ ಮಾಡಬೇಕಾದದ್ದನ್ನು ಹೇಳಿಕೊಟ್ಟು, ಮುಂದಿನ ಸಲ ಅದನ್ನೇ ಮೊದಲು ಪರೀಕ್ಷಿಸುವ ಶಿಕ್ಷಕರು ತಮಗೆ ಬೇಕು. ಅಡಿಕೆ ಹರವದ ತಿಂಗಳುಗಳಲ್ಲಿ ಅಂಗಳದ ಒಂದು ಬದಿಗೆ ತೆಂಗಿನ ನಾರಿನ ಚಾಪೆ ಹಾಸಿ, ತೂತುಗಳಿರುವ ಹಗುರ ಪ್ಲಾಸ್ಟಿಕ್ ಚೆಂಡುಗಳನ್ನು ಹತ್ತು ಹೆಜ್ಜೆ ದೂರದ ಬುಟ್ಟಿಯತ್ತ ಎತ್ತಿ ಹಾಕುವುದು ಗ್ರೀನ್ ಹತ್ತಿರದಿಂದ ಹೊಡೆಯುವ ಚಿಕ್ಕ ಹೊಡೆತಕ್ಕೆ, ಎಂದರೆ ಚಿಪ್‌ಗೆ, ಒಳ್ಳೆಯ ಅಭ್ಯಾಸ. ಮಳೆಗಾಲದಲ್ಲಿ ಚಾವಡಿಯಲ್ಲಿ ಜಮಖಾನೆ ಹಾಸಿ ಪಟ್ ಮಾಡಬಹುದು. ಹೋಲ್‌ನ ವ್ಯಾಸ 108 ಮಿಲಿಮೀಟರ್ ಇರುವುದರಿಂದ, ಅದಕ್ಕಿಂತ ಕಿರಿದಾದ ಲೋಟವನ್ನು ಗುರಿಯಾಗಿಟ್ಟು ಅಭ್ಯಾಸ ಮಾಡಿದವರಿಗೆ ಮೈದಾನದ ಹೋಲ್ ದೊಡ್ಡದಾಗಿ ಕಾಣುತ್ತದೆ. ನಿಜವಾದ ಚೆಂಡನ್ನು ಮಾತ್ರ ತೋಟದಲ್ಲಾಗಲಿ ಗದ್ದೆಯಲ್ಲಾಗಲಿ ಹೊಡೆಯಬೇಡಿ. ಅದರ ತೂಕ 46 ಗ್ರಾಮಿಗಿಂತ ತುಸು ಕಡಿಮೆಯಾದರೂ ಆ ವೇಗದಲ್ಲಿ ಮನುಷ್ಯರ ತಲೆಗೆ ಬಡಿದರೆ ಪ್ರಾಣಾಪಾಯವಿದೆ.

ಪ್ರಶ್ನೆ: ನಾವು ಹೊಸೂರಿನವರು. ಒಂಬತ್ತು ವರ್ಷದ ಮಗಳಿಗೆ ಗಾಲ್ಫ್‌ನಲ್ಲಿ ಬಹಳ ಆಸಕ್ತಿ. ತರಬೇತುದಾರರು ಪೂರ್ಣ ಸೆಟ್ ಕೊಳ್ಳಬೇಕು, ವಾರಕ್ಕೆ ಆರು ದಿನ ಬರಬೇಕು, ಈಜು ಬಿಡಿಸಬೇಕು ಎನ್ನುತ್ತಾರೆ. ಪಾಠದ ವೇಳೆ ತಂದೆತಾಯಿ ಇರಬಾರದಂತೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ, ತಾಯೀ. ಕೊನೆಯ ಷರತ್ತೊಂದೇ ಬೇರೆ ತರಬೇತುದಾರರನ್ನು ಹುಡುಕಲು ಸಾಕಾದ ಕಾರಣ. ಪಾಠದ ನಡುವೆ ತಂದೆತಾಯಿ ಬಾಯಿ ಹಾಕಬಾರದು ಎಂಬ ಮಾತು ನ್ಯಾಯವಾದದ್ದು. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಲೂಬಾರದು ಎಂಬುದನ್ನು ಯಾವ ಮಗುವಿನ ವಿಷಯದಲ್ಲಿಯೂ ಒಪ್ಪತಕ್ಕದ್ದಲ್ಲ.

ನಿಯಮದ ಪ್ರಕಾರ ಒಬ್ಬ ಆಟಗಾರ ಹೆಚ್ಚೆಂದರೆ 14 ಕ್ಲಬ್ಬುಗಳನ್ನು ಒಯ್ಯಬಹುದು, ಅಷ್ಟೂ ಇರಲೇಬೇಕೆಂದಲ್ಲ. ಒಂಬತ್ತರ ಮಗುವಿಗೆ ಅವಳ ಎತ್ತರಕ್ಕೆ ತಕ್ಕ ನಾಲ್ಕೈದು ಹಗುರ ಕ್ಲಬ್ಬುಗಳು ಸಾಕು. ಬೆಳೆಯುವ ಮಗುವಿಗೆ ಅವೂ ಕೆಲವೇ ವರ್ಷಗಳಲ್ಲಿ ಗಿಡ್ಡವಾಗುತ್ತವೆ. ದೊಡ್ಡವರ ಕ್ಲಬ್ಬನ್ನು ಕತ್ತರಿಸಿ ಕೊಡುವುದು ಸರಿಯಲ್ಲ, ಏಕೆಂದರೆ ಉದ್ದ ಕಡಿಮೆಯಾದರೂ ತಲೆಯ ಭಾರ ಹಾಗೆಯೇ ಉಳಿದು ಮಗು ಕೈಯನ್ನು ತಪ್ಪಾಗಿ ತಿರುಗಿಸಲು ಕಲಿಯುತ್ತದೆ. ಈಜನ್ನು ಬಿಡಿಸಬೇಡಿ. ಈ ವಯಸ್ಸಿನಲ್ಲಿ ಹಲವು ಆಟಗಳಿಂದ ಬರುವ ಮೈಯ ಹತೋಟಿ ಮುಂದೆ ಗಾಲ್ಫಿಗೂ ಒದಗುತ್ತದೆ, ಒಂದೇ ಚಲನೆಯನ್ನು ದಿನವೂ ಮಾಡುವುದರಿಂದ ಎಳೆಯ ಕೀಲುಗಳಿಗೆ ಆಗುವ ಶ್ರಮವೂ ತಪ್ಪುತ್ತದೆ.

ನಿಮ್ಮ ಊರಿನ ಹತ್ತಿರದಲ್ಲೇ ಕ್ಲೋವರ್ ಗ್ರೀನ್ಸ್ ಮೈದಾನವಿದೆ, ಬೆಂಗಳೂರೂ ದೂರವಲ್ಲ. ಹಾಗಾಗಿ ಆಯ್ಕೆಗೆ ಅವಕಾಶವಿದೆ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಐದಾರು ವರ್ಷದವಳಿದ್ದಾಗ ಆಟ ಆರಂಭಿಸಿದ ಅದಿತಿ ಅಶೋಕ್ ಅವರಿಗೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ ಕ್ಯಾಡಿಯಾಗಿದ್ದರು, ಎಂದರೆ ಕ್ಲಬ್ಬುಗಳ ಚೀಲ ಹೊತ್ತು ಜೊತೆಗಿರುವ ಸಹಾಯಕರಾಗಿದ್ದರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ತಾಯಿ ಕ್ಯಾಡಿಯಾಗಿದ್ದಾಗ ಅವರು ನಾಲ್ಕನೆಯ ಸ್ಥಾನ ಪಡೆದರು. ತಂದೆತಾಯಿಯ ಸಾನ್ನಿಧ್ಯದಿಂದ ಮಗುವಿನ ಆಟ ಕೆಡುತ್ತದೆ ಎನ್ನುವವರಿಗೆ ಇದನ್ನು ನೆನಪಿಸಬಹುದು.

ಪ್ರಶ್ನೆ: ಅಕ್ಕಲಕೋಟೆಯಲ್ಲಿದ್ದೇನೆ. ಪುಣೆಗೆ ಹೋದಾಗ ಮಾತ್ರ ಪಾಠ ಸಾಧ್ಯ. ಉಳಿದ ಸಮಯದಲ್ಲಿ ಮೊಬೈಲಿನ ವಿಡಿಯೊ ನೋಡಿ ಕಲಿಯಬಹುದೇ?

ಉತ್ತರ: ವಿಡಿಯೊ ನೋಡುವುದಕ್ಕಿಂತ ತಮ್ಮ ವಿಡಿಯೊ ತೆಗೆಸುವುದು ಹೆಚ್ಚು ಉಪಯುಕ್ತ. ಬೇರೆಯವರ ಹೊಡೆತದಲ್ಲಿ ತಮ್ಮ ತಪ್ಪು ಕಾಣುವುದಿಲ್ಲ. ಮೊಬೈಲನ್ನು ಕೈಗಳ ಎತ್ತರದಲ್ಲಿ ಅಲುಗದಂತೆ ನಿಲ್ಲಿಸಿ, ಎದೆಯ ಎದುರಿನಿಂದ ಒಂದು, ಗುರಿಯ ಸಾಲಿನ ಹಿಂಬದಿಯಿಂದ ಇನ್ನೊಂದು, ಹೀಗೆ ಎರಡು ಕೋನಗಳಲ್ಲಿ ನಿಧಾನಗತಿಯಲ್ಲಿ ತೆಗೆದು ಪುಣೆಯ ಶಿಕ್ಷಕರಿಗೆ ಕಳಿಸಿ. ಪ್ರತಿಸಲವೂ ಕೋನ ಒಂದೇ ಆಗಿರಲಿ. ಮೊಬೈಲ್ ಸ್ವಲ್ಪ ಪಕ್ಕಕ್ಕೆ ಸರಿದರೂ ಸರಿಯಾದ ಹೊಡೆತ ತಪ್ಪಾಗಿ ಕಾಣುತ್ತದೆ. ಹೀಗೆ ನೋಡಿ ಹೇಳಲು ಒಪ್ಪುವ ಶಿಕ್ಷಕರನ್ನೇ ಆರಿಸಿ, ಅದಕ್ಕೆ ತಕ್ಕ ಶುಲ್ಕವನ್ನೂ ಕೊಡಿ.

ಪ್ರಶ್ನೆ: ಉದಕಮಂಡಲದಲ್ಲಿ ಕ್ಯಾಡಿಯಾಗಿ ಕೆಲಸ ಮಾಡುತ್ತೇನೆ, ಬಿಡುವಿನಲ್ಲಿ ಚೆನ್ನಾಗಿ ಆಡುತ್ತೇನೆ. ಪ್ರವಾಸಿಗರು ಕಲಿಸಿಕೊಡು ಎನ್ನುತ್ತಾರೆ. ನಾನು ಶಿಕ್ಷಕನಾಗಬಹುದೇ?

ಉತ್ತರ: ಆಗಬಹುದು, ಆಗಬೇಕು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯರಾದರು, 1993ರಲ್ಲಿ ಮತ್ತೆ ಗೆದ್ದರು. ದಿನಕ್ಕೆ ಹಲವರ ಹೊಡೆತವನ್ನು ಹತ್ತಿರದಿಂದ ಕಾಣುವ ನಿಮ್ಮಂಥವರಿಗೆ ಯಾರ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಹೊಡೆಯುವ ಮೊದಲೇ ತಿಳಿಯುತ್ತದೆ. ಏಕೆ ಹೋಗುತ್ತದೆ ಎಂದು ಹೇಳುವುದನ್ನು ಕಲಿಯುವುದೊಂದೇ ಬಾಕಿ. ಮೇಲೆ ಹೇಳಿದ ನ್ಯಾಷನಲ್ ಗಾಲ್ಫ್ ಅಕಾಡೆಮಿಯ ಶಿಕ್ಷಕ ತರಬೇತಿಗೆ ಅರ್ಹತೆ ಏನೆಂದು ವಿಚಾರಿಸಿ. ಅಲ್ಲಿಯವರೆಗೆ ಪ್ರಮಾಣಪತ್ರ ಪಡೆದ ಶಿಕ್ಷಕರೊಬ್ಬರಿಗೆ ಸಹಾಯಕರಾಗಿ ನಿಂತು ಅವರು ಹೊಸಬರೊಡನೆ ಆಡುವ ಮಾತುಗಳನ್ನು ಗಮನಿಸಿ. ಮೈದಾನದವರ ಒಪ್ಪಿಗೆಯಿಲ್ಲದೆ ಪ್ರವಾಸಿಗರಿಂದ ಪಾಠಕ್ಕೆ ಹಣ ಪಡೆಯಬೇಡಿ, ಏಕೆಂದರೆ ಅನೇಕ ಮೈದಾನಗಳಲ್ಲಿ ನೇಮಿತ ಶಿಕ್ಷಕರಿಗೆ ಮಾತ್ರ ಆ ಅನುಮತಿ ಇರುತ್ತದೆ ಮತ್ತು ಅದರಿಂದ ಈಗಿನ ಕೆಲಸಕ್ಕೇ ಕುತ್ತು ಬರಬಹುದು. ಕನ್ನಡ, ಬಡಗ, ತಮಿಳು ಬಲ್ಲವರು ಅದೇ ಮಾತಿನಲ್ಲಿ ಈ ಆಟವನ್ನು ಕಲಿಸಿದರೆ, ಇಂಗ್ಲಿಷಿಗೆ ಅಂಜಿ ಡ್ರೈವಿಂಗ್ ರೇಂಜಿನ (ಹೊಡೆತ ಅಭ್ಯಾಸ ಮಾಡುವ ಬಯಲಿನ) ಬೇಲಿಯಾಚೆಯೇ ನಿಲ್ಲುವ ಎಷ್ಟೋ ಮಕ್ಕಳು ಒಳಗೆ ಬರುತ್ತಾರೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: ತಾಳವಾಡಿಯವನು, ಎಡಗೈಯವನು. ಮೈಸೂರಿನಲ್ಲಿ ಕಲಿಯಬೇಕೆಂದಿದ್ದೇನೆ. ಎಡಗೈಯ ಶಿಕ್ಷಕರೇ ಬೇಕೇ?

ಉತ್ತರ: ಬೇಕಿಲ್ಲ. ಬಲಗೈಯ ಶಿಕ್ಷಕರ ಎದುರು ಮುಖಾಮುಖಿ ನಿಂತರೆ ಅವರ ಚಲನೆ ತಮಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಉಳಿದ ಕೆಲಸಗಳಲ್ಲಿ ಬಲಗೈಯವರಾದ ಅಮೆರಿಕದ ಫಿಲ್ ಮಿಕಲ್ಸನ್ ಬಾಲ್ಯದಲ್ಲಿ ತಂದೆಯ ಎದುರು ಹೀಗೆ ನಿಂತು ಅನುಕರಿಸಿಯೇ ಎಡಗೈ ಆಟಗಾರರಾದರು. ಶಿಕ್ಷಕರ ಬಳಿ ಎಡಗೈಯ ಅಭ್ಯಾಸದ ಕ್ಲಬ್ಬು ಇದೆಯೇ ಎಂದು ಮಾತ್ರ ಮೊದಲೇ ಕೇಳಿ. ಇಲ್ಲದಿದ್ದರೆ ಸೆವೆನ್ ಐರನ್ ಎಂಬ ಮಧ್ಯಮ ದೂರದ ಕ್ಲಬ್ಬೊಂದನ್ನು ತಾವೇ ಕೊಳ್ಳಬೇಕಾಗುತ್ತದೆ, ಮತ್ತು ಬಳಸಿದ ಎಡಗೈ ಕ್ಲಬ್ಬುಗಳು ಮಾರಾಟಕ್ಕೆ ಬರುವುದು ಕಡಿಮೆಯಾದ್ದರಿಂದ ಹುಡುಕಾಟವನ್ನು ಪಾಠಕ್ಕೆ ಮುಂಚೆಯೇ ಆರಂಭಿಸುವುದು ಒಳ್ಳೆಯದು.