ಸರ್ ಬರೆದ ಕಾಮೆಂಟ್ ಎಲ್ಲಿ ಹೋಯಿತು?

ಪ್ರಶ್ನೆ: ಅಕ್ಕೋರೇ, ನಾನು ಕಾರವಾರದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಅಮ್ಮ ಅಂಕೋಲಾದಲ್ಲಿ ಮೀನು ಮಾರುತ್ತಾಳೆ. ಅವಳ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಪ್ರಾಜೆಕ್ಟ್ ಮಾಡಿ, ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿದ್ದೆ. 10 ಕಿಲೋ ಬಂಗಡೆಗೆ 5 ಕಿಲೋ ಕೂಡಿಸಿದರೆ 105 ಅನ್ನುತ್ತಿತ್ತು. ಸರ್ ಅದರ ಬಗ್ಗೆ ಕಾಮೆಂಟ್ ಬರೆದಿದ್ದರು. ಸರಿಯಾಗಿ ಓದುವ ಮೊದಲೇ ಆ ಸಾಲು ಬದಲಿಸಿ ಮತ್ತೆ ಪುಶ್ ಮಾಡಿದೆ, ಅಂದರೆ ಗಿಟ್‌ಹಬ್‌ಗೆ ಕಳಿಸಿದೆ. ಈಗ ಕಾಮೆಂಟ್ ಕಾಣುತ್ತಿಲ್ಲ, ಉತ್ತರವೂ ಸರಿ ಬರುತ್ತಿಲ್ಲ. ಸರ್ ಹತ್ತಿರ ಮತ್ತೆ ಕೇಳಲು ಹೆದರಿಕೆ.
– ಹೆಸರು ಬೇಡ, ಅಂಕೋಲಾ

ಉತ್ತರ: ತಂಗೀ, ಅದು ಅಳಿಸಿ ಹೋಗಿಲ್ಲ. ನೀನು 'ಫೈಲ್ಸ್ ಚೇಂಜ್ಡ್' ಟ್ಯಾಬ್‌ನಲ್ಲಿ ಹುಡುಕಿರಬೇಕು, ಅಲ್ವಾ? ಅಲ್ಲಿ ಕಾಮೆಂಟ್ ಕೋಡಿನ ಸಾಲಿಗೇ ಅಂಟಿಕೊಂಡಿರುತ್ತದೆ. ಆ ಸಾಲು ಬದಲಾದರೆ ಅಲ್ಲಿಂದ ಮರೆಯಾಗುತ್ತದೆ. ಪಕ್ಕದ 'ಕಾನ್ವರ್ಸೇಶನ್' ಟ್ಯಾಬ್‌ಗೆ ಹೋಗು. 'ಔಟ್‌ಡೇಟೆಡ್' ಎಂಬ ಚೀಟಿ ಹೊತ್ತು ಮಡಚಿಕೊಂಡಿರುತ್ತದೆ, ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಮಾತುಕತೆ ಉದ್ದವಿದ್ದರೆ ನಡುವಿನದ್ದು ಅಡಗಿರುತ್ತದೆ, 'ಲೋಡ್ ಮೋರ್' ಒತ್ತು. ಪುಲ್ ರಿಕ್ವೆಸ್ಟೇ ಕಾಣದಿದ್ದರೆ 'ಕ್ಲೋಸ್ಡ್' ಪಟ್ಟಿ ನೋಡು.

ಮಳೆಗಾಲದಲ್ಲಿ ನೆಟ್‌ವರ್ಕ್ ಸರಿ ಇರುವುದಿಲ್ಲ. ಆಗ ಗಿಟ್‌ಹಬ್‌ಗೆ ಕೊಟ್ಟ ಇಮೇಲ್ ತೆರೆ. ನೋಟಿಫಿಕೇಶನ್ ಬಂದ್ ಮಾಡಿರದಿದ್ದರೆ ಕಾಮೆಂಟಿನ ಪೂರ್ತಿ ಮಾತು ಅಲ್ಲಿಗೂ ಬಂದಿರುತ್ತದೆ.

ಬೇರೆ ಓದುಗರಿಗೂ ಒಂದು ಮಾತು. ಮೇಷ್ಟ್ರು 'ಬರೆದಿದ್ದೇನೆ' ಎಂದರೂ ಎಲ್ಲೂ ಏನೂ ಇಲ್ಲದಿದ್ದರೆ, ಅವರು ರಿವ್ಯೂ ಶುರು ಮಾಡಿ 'ಸಬ್‌ಮಿಟ್ ರಿವ್ಯೂ' ಒತ್ತಿರಲಿಕ್ಕಿಲ್ಲ. ಆಗ ಕಾಮೆಂಟ್ 'ಪೆಂಡಿಂಗ್' ಆಗಿ ಉಳಿಯುತ್ತದೆ, ಅವರ ಪರದೆಯಲ್ಲಿ ಮಾತ್ರ ಕಾಣುತ್ತದೆ. 'ಸರ್, ಪೆಂಡಿಂಗ್ ಇದೆಯಾ ನೋಡ್ತೀರಾ?' ಎಂದು ಧೈರ್ಯವಾಗಿ ಕೇಳಿ. ಕಲಿಸುವವರಿಗೆ ಅದರಿಂದ ಬೇಜಾರಾಗುವುದಿಲ್ಲ. ನಾನು ಶಿರಸಿಯಲ್ಲಿ ಕಲಿಸುವವಳೇ, ಹಾಗೆ ಕೇಳುವ ಮಕ್ಕಳೆಂದರೆ ನನಗೆ ಜಾಸ್ತಿ ಇಷ್ಟ.

ಇನ್ನು ನಿನ್ನ 105. ಪೈಥಾನ್‌ನಲ್ಲಿ 'ಇನ್‌ಪುಟ್' ತಂದುಕೊಡುವುದು ಅಕ್ಷರಗಳನ್ನು, ಸಂಖ್ಯೆಯನ್ನಲ್ಲ. ಹಾಗಾಗಿ 10ರ ಪಕ್ಕ 5 ಬಂದು ಕೂತಿದೆ. ಸರ್ ಬರೆದದ್ದೂ ಇದೇ ಇರಬಹುದು. ಅದನ್ನು ಪೂರ್ಣ ಸಂಖ್ಯೆ ಮಾಡುವ 'ಇಂಟ್' ಹಾಕಿದರೆ 15 ಬರುತ್ತದೆ. ಆದರೆ ಅಮ್ಮ ಎರಡೂವರೆ ಕಿಲೋ ತೂಗಿ 2.5 ಎಂದು ಒತ್ತಿದ ಕೂಡಲೇ ಪ್ರೋಗ್ರಾಂ ನಿಂತುಬಿಡುತ್ತದೆ. ದಶಾಂಶವನ್ನೂ ಓದುವ 'ಫ್ಲೋಟ್' ಹಾಕು. ಮೀನು ತೂಗುವವಳ ಮಗಳಿಗೆ ಅರ್ಧ ಕಿಲೋ ಎಷ್ಟು ದೊಡ್ಡ ವಿಷಯ ಅಂತ ನಾನು ಹೇಳಬೇಕಾಗಿಲ್ಲ.

ಸರಿಯಾಯಿತೆಂದು ಕೂಡಲೇ 'ರಿಸಾಲ್ವ್' ಒತ್ತಬೇಡ, ಸರ್ ನೋಡಲಿ. ಅವರ ಕಾಮೆಂಟಿನ ಕೆಳಗೇ ಉತ್ತರ ಬರೆ. ಸುಮ್ನೆ 'ಥ್ಯಾಂಕ್ಯೂ ಸರ್' ಅಂದರೆ ಸಾಲದು. ಏನು ಬದಲಿಸಿದೆ, ಇನ್ನೂ ಏನು ಗೊತ್ತಾಗಿಲ್ಲ, ಎರಡೂ ಇರಲಿ. ಹೀಗೆ: 'ಸರ್, ಫ್ಲೋಟ್ ಹಾಕಿದೆ, ಈಗ 15.0 ಬರುತ್ತಿದೆ. ಏನೂ ತುಂಬದೆ ಎಂಟರ್ ಒತ್ತಿದರೆ ಎರರ್ ಬರುತ್ತದೆ. ಅದನ್ನು ತಡೆಯುವುದು ಹೇಗೆ?'